ಅಪ್ಪನ ಮನೆಯ ಹೊಸ್ತಿಲ ಕಲ್ಲು

ಬೊರವಿಕ್
ಜೂನ್ 15

ರೊಡ್ಡಿಗೆ,

ಗೆದ್ದೆಯಂತೆ. ಹವಾಮಾನ ಕೇಳಲೆಂದು ರೇಡಿಯೊ ಹಾಕಿದ್ದೆ, ನಡುವೆ ನಿನ್ನ ಹೆಸರೂ ಕಿವಿಗೆ ಬಿತ್ತು. ಎರಡು ಸಲ ಹೇಳಿದರು. ಆಮೇಲೆ ಬಿರುಗಾಳಿಯ ಸುದ್ದಿ ಬಂತು.

ಸಂಸತ್ತಿನಲ್ಲಿ ನೀನು ಪ್ರಮಾಣ ಮಾಡಿದ್ದನ್ನು ಪಕ್ಕದ ನಾರ್ಮನ್ ಮನೆಯ ಟೀವಿಯಲ್ಲಿ ನೋಡಿದೆ. ನಮ್ಮವರ ಹಾಗೆ ಬಲಗೈ ಎತ್ತಿ, ಇಂಗ್ಲಿಷಿನಲ್ಲೊಮ್ಮೆ, ನಮ್ಮ ಗೇಲಿಕ್ ಮಾತಿನಲ್ಲೊಮ್ಮೆ. ನಾರ್ಮನ್‌ನ ಹೆಂಡತಿ ಕೆನೀನಾ ಏಪ್ರನ್ನಿನ ಚುಂಗಿನಿಂದ ಕಣ್ಣೊರೆಸಿಕೊಂಡಳು. "ಮರ್ಡೋ ಮಗ ಎಷ್ಟು ಚೆನ್ನಾಗಿ ಕೈ ಎತ್ತಿದ ನೋಡೇ!" ಅಂದಳು. "ಸ್ಕೂಲಲ್ಲೂ ಚೆನ್ನಾಗೇ ಎತ್ತುತಿದ್ದ ಕಣೇ, ಉತ್ತರ ಮಾತ್ರ ಗೊತ್ತಿರ್ತಿರ್ಲಿಲ್ಲ" ಅಂದೆ.

ನೀನು ಹೇಗೆ ಗೆದ್ದೆ ಎಂದು ಪತ್ರಿಕೆಯವರು ಏನೇನೋ ಬರೆದಿದ್ದಾರೆ. ನನ್ನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ. ಹೋದ ಚಳಿಗಾಲದಿಂದ ಈಚೆಗೆ ಈ ದ್ವೀಪದಲ್ಲಿ ಸತ್ತವರಿಗೆಲ್ಲ ನೀನು ಹೆಗಲು ಕೊಟ್ಟೆ. ಮಿಕ್ಕ ಅಭ್ಯರ್ಥಿಗಳು ಬಾಗಿಲು ತಟ್ಟಿ ಕರಪತ್ರ ಹಂಚಿದರು. ನೀನು ಕಪ್ಪು ಕೋಟು ತೊಟ್ಟು ಹೆಣದ ಹಿಂದೆ ಬಂದೆ. ಗಂಡಸರು ಎರಡು ಸಾಲಾಗಿ ನಡೆಯುತ್ತಾರೆ, ಮುಂದಿನವನು ಪಕ್ಕಕ್ಕೆ ಸರಿದು ಹಿಂದಿನವನಿಗೆ ಹೆಗಲು ಬಿಡುತ್ತಾನೆ, ಬಂದವರಿಗೆಲ್ಲ ಒಂದೊಂದು ಸರದಿ. ಯಾರನ್ನೂ ಬೇಡವೆನ್ನುವ ರೂಢಿ ನಮ್ಮಲ್ಲಿಲ್ಲ. ಅದನ್ನು ನೀನು ಕಂಡುಕೊಂಡೆ. ಬದುಕಿದ್ದಾಗ ಮುಖ ನೋಡದವರನ್ನು ಸತ್ತ ಮೇಲೆ ಹೊತ್ತೆ.

ಮಾರ್ಚ್‌ನಲ್ಲಿ ಮುದುಕಿ ಪೆಗ್ಗಿಯನ್ನು ಒಯ್ದ ದಿನ ನಾವು ಹೆಂಗಸರು ಎಂದಿನಂತೆ ಮನೆಯ ಗೋಡೆಯ ಹತ್ತಿರವೇ ನಿಂತು ಕಳುಹಿಸಿಕೊಟ್ಟೆವು. ಸ್ಮಶಾನದಲ್ಲಿ ನೀನು ಆಡಿದ್ದನ್ನು ಗಂಡಸರು ಚಹಾಕ್ಕೆ ಬಂದಾಗ ಹೇಳಿದರು. ಸಮುದ್ರ ಕೊರೆದ ದಂಡೆಯ ಮೇಲೆ ನಿಂತು, ಟೋಪಿ ಕೈಯಲ್ಲಿ ಹಿಡಿದು, "ನನ್ನ ಕಳಿಸಿಕೊಡಿ. ಚಳಿಗಾಲ ಬರೋಷ್ಟರಲ್ಲಿ ಇಲ್ಲೊಂದು ಗೋಡೆ ಎದ್ದಿರುತ್ತೆ" ಅಂದೆಯಂತೆ.

ಕಳಿಸಿದ್ದಾರೆ. ಅಪ್ಪ ಅಮ್ಮ ಮಲಗಿರುವುದು ಕಡಲ ಕಡೆಯಿಂದ ಎರಡನೆಯ ಸಾಲಿನಲ್ಲಿ. ಮೊದಲ ಸಾಲಿನ ಮುಂದೆ ಈಗ ಒಂದು ಹಸು ಮಲಗುವಷ್ಟು ನೆಲವಿದೆ. ಇನ್ನೊಂದು ಚಳಿಗಾಲ ಅದು ತಾಳುವುದಿಲ್ಲ.

ದೇವರು ನಿನ್ನನ್ನು ಕಾಯಲಿ. ನಾಲಿಗೆಯನ್ನು ಮೊದಲು ಕಾಯಲಿ.

ನಿನ್ನ ಅಕ್ಕ,
ಡೊಲಿನಾ


ಸಂಸತ್ ಭವನ, ಲಂಡನ್
ಜುಲೈ 9

ಮಾನ್ಯ ಶ್ರೀಮತಿ ಮ್ಯಾಕ್‌ಸ್ವೀನ್ ಅವರೇ,

ಕಡಲ್ಕೊರೆತದ ಕುರಿತು ತಾವು ಬರೆದ ಪತ್ರ ತಲುಪಿದೆ. ಇಂಥ ವಿಷಯಗಳಲ್ಲಿ ಮತದಾರರು ತೋರುವ ಕಳಕಳಿಯನ್ನು ರೊಡರಿಕ್ ಮ್ಯಾಕ್‌ಸ್ವೀನ್ ಅವರು ಹೃತ್ಪೂರ್ವಕವಾಗಿ ಗೌರವಿಸುತ್ತಾರೆ. ಆದರೆ ಸ್ಮಶಾನಗಳ ನಿರ್ವಹಣೆಯು ಲಂಡನ್ ಸಂಸತ್ತಿನ ವ್ಯಾಪ್ತಿಗೆ ಬರುವುದಿಲ್ಲ. ಅದು ಎಡಿನ್‌ಬರೊ ಸರಕಾರಕ್ಕೂ ಸ್ಥಳೀಯ ಮಂಡಳಿಗೂ ಸೇರಿದ್ದು. ದಯವಿಟ್ಟು ಅಲ್ಲಿ ವಿಚಾರಿಸಬೇಕಾಗಿ ಕೋರಿಕೆ. ಮಾನ್ಯ ಸದಸ್ಯರ ಭಾವಚಿತ್ರವಿರುವ ಕಾರ್ಡೊಂದನ್ನು ಲಗತ್ತಿಸಿದೆ.

ಸದಸ್ಯರ ಪರವಾಗಿ,
ಇಮೊಜೆನ್, ಆಪ್ತ ಸಹಾಯಕಿ


ಬೊರವಿಕ್
ಆಗಸ್ಟ್ 3

ರೊಡ್ಡಿಗೆ,

ಮದುವೆಯಾಗದ ಅಕ್ಕನನ್ನು ಶ್ರೀಮತಿ ಮಾಡಿದ್ದೀಯ. ಗಂಡ ಯಾರೆಂದು ಆ ಹುಡುಗಿಯ ಕೈಲಿ ಬರೆಸಿ ಕಳಿಸು, ಊಟಕ್ಕೆ ಇನ್ನೊಂದು ತಟ್ಟೆ ಇಡುತ್ತೇನೆ. ನಿನಗೆ ಎಂಟು ವರ್ಷವಾಗಿದ್ದಾಗ ಅಮ್ಮ ಹೋದಳು. ಅಂದಿನಿಂದ ನಿನ್ನ ಮೂಗೊರೆಸಿದವಳು ನಾನು. ನಿನ್ನ ಮುಖ ನೋಡಲು ನನಗೆ ಕಾರ್ಡು ಬೇಕಿಲ್ಲ. ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟಿದ್ದೇನೆ. ಅಷ್ಟಾದರೂ ಕೆಲಸ ಮಾಡುತ್ತಿದೆ.

ಸ್ಮಶಾನ ನಿನ್ನ ವ್ಯಾಪ್ತಿಯಲ್ಲಿಲ್ಲವಂತೆ. ಮಾರ್ಚ್‌ನಲ್ಲಿ ಇತ್ತಲ್ಲ? ಆಗ ಮುದುಕಿ ಪೆಗ್ಗಿಯ ಗುಂಡಿಯ ಪಕ್ಕದಲ್ಲಿ ನಿಂತವನು, "ಇದು ಎಡಿನ್‌ಬರೊದವರ ಮಣ್ಣು, ನನ್ನದಲ್ಲ" ಎನ್ನಬಹುದಿತ್ತು. ವೋಟು ಬೀಳುವವರೆಗೆ ಆಕಾಶವೂ ನಿಮ್ಮ ವ್ಯಾಪ್ತಿ. ಬಿದ್ದ ಮೇಲೆ ಕುರ್ಚಿಯ ಕೆಳಗಿನ ನೆಲವೂ ಬೇರೆಯವರದು.

ಮಂಡಳಿಯವನು ಬಂದಿದ್ದ. ಹೊಸ ಬೂಟು ಹಾಕಿಕೊಂಡು ಒದ್ದೆ ಮರಳಿನ ಮೇಲೆ ಕೊಕ್ಕರೆಯ ಹಾಗೆ ನಡೆದ. "ನಿಮ್ಮೂರಿಗಿಂತ ಮುಂಚಿನ ಸರದಿಯಲ್ಲಿ ಬೇರೆ ಊರುಗಳಿವೆ ತಾಯಿ" ಅಂದ. ನಾರ್ಮನ್ ಕೇಳಿದ: "ಸಮುದ್ರಕ್ಕೂ ಈ ಸರದಿ ತಿಳಿಸಿದ್ದೀರಾ ಸ್ವಾಮಿ?" ಅವನು ಅದನ್ನೂ ಬರೆದುಕೊಂಡ.

ನಿನ್ನ ಬಗ್ಗೆ ಕೇಳಿದವರಿಗೆ ಏನು ಹೇಳಲಿ? ಚರ್ಚಿನ ಬಾಗಿಲಲ್ಲಿ ಹಿರಿಯ ಫಿನ್ಲೇ ಹೋದ ವಾರ, "ಏನಮ್ಮಾ, ಗೋಡೆ ಹಡಗು ಹತ್ತಿದೆಯಂತಾ?" ಅಂದ. ಚರ್ಚಿನ ಹಿರಿಯರು ಹಾಗೆಲ್ಲ ತಮಾಷೆ ಮಾಡುವವರಲ್ಲ. ಅವನ ಹೆಂಡತಿ ಮೊದಲನೆಯ ಸಾಲಿನಲ್ಲಿದ್ದಾಳೆ.

ಡೊಲಿನಾ


ಲಂಡನ್
ಸೆಪ್ಟೆಂಬರ್ 20

ಅಕ್ಕಾ,

ಆ ಪತ್ರಕ್ಕೆ ಕ್ಷಮಿಸು. ದಿನಕ್ಕೆ ಬರುವ ಪತ್ರಗಳ ರಾಶಿ ನೀನು ನೋಡಿಲ್ಲ. ನನಗಿಲ್ಲಿ ಕುಳಿತುಕೊಳ್ಳಲು ಸರಿಯಾದ ಮೇಜೂ ಇರಲಿಲ್ಲ, ಈಗ ಸಿಕ್ಕಿದೆ. ಮೀನುಗಾರಿಕೆಯ ಸಮಿತಿಯಲ್ಲಿ ಹಾಕಿದ್ದಾರೆ. ಮೊನ್ನೆ ಸದನದಲ್ಲಿ ಮಾತಾಡುವಾಗ ನಮ್ಮೂರ ಹೆಸರು ಎತ್ತಿದೆ. ಬೊರವಿಕ್ ಎಂಬ ಹೆಸರು ಆ ಗೋಡೆಗಳ ನಡುವೆ ಕೇಳಿಬಂದದ್ದು ಅದೇ ಮೊದಲು. ಅಪ್ಪ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದ!

ಒಂದು ಸಣ್ಣ ಉಪಕಾರ. ಅಕ್ಟೋಬರಿನಲ್ಲಿ ಫೋಟೋದವರು ಬರುತ್ತಾರೆ. ಅಪ್ಪನ ಹಳೆಯ ಕಲ್ಲುಮನೆಯ ಮುಂದೆ ನನ್ನದೊಂದು ಚಿತ್ರ ಬೇಕಂತೆ. ಚಾವಣಿ ಬಿದ್ದಿರುವುದು ಇನ್ನೂ ಒಳ್ಳೆಯದೇ ಅಂದರು. ಹೊಸ್ತಿಲ ಸುತ್ತ ತುರಿಕೆಗಿಡ ಬೆಳೆದಿದ್ದರೆ ಸ್ವಲ್ಪ ಕೀಳಿಸಿಡುತ್ತೀಯಾ?

ಗೋಡೆಯ ವಿಷಯ ಮರೆತಿಲ್ಲ.

ನಿನ್ನ ಪ್ರೀತಿಯ,
ರೊಡ್ಡಿ


ಬೊರವಿಕ್
ನವೆಂಬರ್ 28

ರೊಡ್ಡಿಗೆ,

ತುರಿಕೆಗಿಡ ಕಿತ್ತೆ. ನೀನು ಬಂದೆ, ಹೊಸ್ತಿಲ ಕಲ್ಲಿನ ಮೇಲೆ ನಿಂತೆ, ಯಾರೋ ಕೊಟ್ಟ ಕುರಿಗಾಹಿಯ ಕೋಲು ಹಿಡಿದು ದೂರ ನೋಡಿದೆ, ಹೋದೆ. ನಾನು ಉಪ್ಪು ಹೆರಿಂಗ್ ಮೀನು, ಆಲೂಗೆಡ್ಡೆ ಬೇಯಿಸಿ ಕಾದಿದ್ದೆ. ಹಡಗಿಗೆ ಹೊತ್ತಾಯಿತೆಂದು ಆ ಹುಡುಗಿ ಕಾರಿನಿಂದಲೇ ಹಾರ್ನ್ ಹೊಡೆದಳು. ಬೆಕ್ಕಿಗೆ ನಿನ್ನ ಪಾಲು ಸಿಕ್ಕಿತು. ಅದು ಬಂದರೆ ಕುಳಿತು ತಿನ್ನುತ್ತದೆ.

ಆ ಕಲ್ಲು ಯಾವುದೆಂದು ನೆನಪಿದೆಯೋ ಇಲ್ಲವೋ. ಅಪ್ಪ ದಿನಾ ಸಂಜೆ ಅದರ ಮೇಲೆ ಕುಳಿತು ಚರ್ಚಿನಲ್ಲಿ ಎತ್ತಿಕೊಡಬೇಕಾದ ಕೀರ್ತನೆಯನ್ನು ಅಭ್ಯಾಸ ಮಾಡುತ್ತಿದ್ದ. ಅವನು ಒಂದು ಸಾಲು ಹೇಳುವುದು, ಒಳಗಿನಿಂದ ನಾವಿಬ್ಬರೂ ಅದನ್ನೇ ಎಳೆದು ಹಾಡುವುದು. ನೀನು ಆಗಲೂ ಸಾಲು ಮುಗಿಯುವ ಮೊದಲೇ ನಿಲ್ಲಿಸಿ ಓಡುತ್ತಿದ್ದೆ.

ಮೊನ್ನೆಯ ಬಿರುಗಾಳಿಗೆ ದಂಡೆ ಹೋಯಿತು. ಬೆಳಿಗ್ಗೆ ಗಂಡಸರು ಕಡಲ ಇಳಿತದ ಹೊತ್ತಿಗೆ ಬಟ್ಟೆ, ಹಲಗೆ ತೆಗೆದುಕೊಂಡು ಕೆಳಗಿಳಿದರು. ಏನು ಕಂಡರೆಂದು ಯಾರೂ ಮನೆಯಲ್ಲಿ ಹೇಳಲಿಲ್ಲ. ಫಿನ್ಲೇ ಹೆಂಡತಿಯನ್ನು ಎರಡನೆಯ ಸಲ ಹೂಳಿದರು, ಗುಡ್ಡದ ಕಡೆ. ಚರ್ಚಿನ ಅಯ್ಯನವರು ಪ್ರಾರ್ಥನೆ ಮಾಡುವಾಗ ಅವನು ಟೋಪಿ ತೆಗೆಯುವುದನ್ನು ಮರೆತು ನಿಂತಿದ್ದನಂತೆ. ಈಗ ಕಡಲ ಕಡೆಯ ಮೊದಲ ಸಾಲು ಅಪ್ಪ ಅಮ್ಮನದು.

ಊರಿನವರು ಕೂಡಿ ಮಾತಾಡಿದೆವು. ಯಾರನ್ನೂ ಕಾಯುವುದಿಲ್ಲ, ನಾವೇ ಕಟ್ಟುತ್ತೇವೆ. ದಡದ ಕಲ್ಲು ದುಂಡಗಿವೆ, ಒಂದರ ಮೇಲೊಂದು ನಿಲ್ಲುವುದಿಲ್ಲ. ಚಪ್ಪಟೆ ಮುಖದ ಒಳ್ಳೆಯ ಕಲ್ಲಿರುವುದು ಅಪ್ಪನ ಹಳೆಯ ಮನೆಯಲ್ಲಿ. ಜಮೀನು, ಮನೆ ನಿನ್ನ ಹೆಸರಿನಲ್ಲಿವೆ. ಅದಕ್ಕೆ ಕೇಳುತ್ತಿದ್ದೇನೆ. ಆ ಕಲ್ಲು ಕೊಡು. ಅವನ ಕಲ್ಲು ಅವನನ್ನು ಕಾಯಲಿ.

ಇದಂತೂ ನಿನ್ನ ವ್ಯಾಪ್ತಿಯಲ್ಲಿದೆ.

ಡೊಲಿನಾ


ಲಂಡನ್
ಡಿಸೆಂಬರ್ 18

ಅಕ್ಕಾ,

ಓದಿ ತುಂಬ ನೊಂದುಕೊಂಡೆ. ಫಿನ್ಲೇಗೆ ನನ್ನ ಸಂತಾಪ ತಿಳಿಸು.

ಕಲ್ಲಿನ ವಿಷಯ ಸ್ವಲ್ಪ ಸೂಕ್ಷ್ಮ. ಇಲ್ಲಿ ಸರಕಾರ ಅಲುಗಾಡುತ್ತಿದೆ, ಬೇಸಿಗೆಗೆ ಮತ್ತೆ ಚುನಾವಣೆ ಬಂದರೂ ಬರಬಹುದು. ಆ ಮನೆಯ ಚಿತ್ರವೇ ನಮ್ಮ ಕರಪತ್ರದ ಮುಖಪುಟ. 'ಈ ಹೊಸ್ತಿಲಿಂದ ನಿಮ್ಮೆಲ್ಲರ ಹೊಸ್ತಿಲಿಗೆ' ಅಂತ ಬರೆಸಿದ್ದೇವೆ. ಅದನ್ನು ನಾನೇ ಕೆಡವಿಸಿದೆ ಎಂದರೆ ಎದುರು ಪಕ್ಷದವರು ಬಿಟ್ಟಾರೆಯೇ? ಅದು ನಮ್ಮ ಪರಂಪರೆ ಕೂಡ. ಚುನಾವಣೆ ಮುಗಿಯಲಿ, ಖಂಡಿತ ಏನಾದರೂ ಮಾಡೋಣ.

ನಿನ್ನ ಪ್ರೀತಿಯ,
ರೊಡ್ಡಿ


ಬೊರವಿಕ್
ಫೆಬ್ರವರಿ 24

ರೊಡ್ಡಿಗೆ,

ನಿನ್ನ ಪರಂಪರೆಯ ಉತ್ತರದ ಗೋಡೆಯನ್ನು ಹೋದ ಸೋಮವಾರ ಕೆಡವಿದೆವು.

ಮೊದಲ ಕಲ್ಲು ನಾನೇ ತೆಗೆದೆ, ಪೊಲೀಸರು ಬಂದರೆ ಹೆಸರು ಹೇಳಲು ಸುಲಭವಾಗಲಿ ಎಂದು. ನಾರ್ಮನ್ ಬೇಲಿಯ ಹತ್ತಿರವೇ ನಿಂತುಬಿಟ್ಟಿದ್ದ. "ಎಂಪಿ ಸಾಹೇಬರ ಮನೆ ಕಣೇ ಡೊಲಿನಾ, ಕೈ ಹಾಕೋದು ಹ್ಯಾಗೆ?" ಅಂದ. "ಎಂಪಿ ಮನೆ ಲಂಡನ್ನಲ್ಲಿದೆ. ಇದು ಕೀರ್ತನೆ ಮರ್ಡೋ ಮನೆ. ನೀನು ಚಿಕ್ಕವನಿದ್ದಾಗ ಇಲ್ಲೇ ಗಂಜಿ ಕುಡಿದು ನಮ್ಮಪ್ಪನ ಕೋಟಿಗೆ ಮೂತಿ ಒರೆಸಿದ್ದೆ, ಬಾ" ಅಂದೆ. ಬಂದ. ಅವನ ಹಿಂದೆ ಮಿಕ್ಕವರೂ ಬಂದರು.

ಹೆಂಗಸರೂ ಕಲ್ಲು ಹೊತ್ತೆವು. ಹೆಣದ ಹಿಂದೆ ಸ್ಮಶಾನಕ್ಕೆ ಹೋಗದ ನಾವು ಕಲ್ಲಿನ ಹಿಂದೆ ಹೋದೆವು. ಅಯ್ಯನವರು ನೋಡಿದರು, ಕೋಟು ತೆಗೆದು ಬೇಲಿಗೆ ಹಾಕಿ ಅವರೂ ಒಂದು ಕಲ್ಲಿನ ಅಂಚು ಹಿಡಿದರು. ಕೆನೀನಾಗೆ ಸೊಂಟನೋವು, ಅವಳದು ಚಹಾ ಹಂಚುವ ಕೆಲಸ. "ನಿಮ್ಮ ರೊಡ್ಡಿ ಇದ್ದಿದ್ರೆ ಭಾಷಣ ಹಂಚ್ತಿದ್ದ. ಚಹಾನೇ ವಾಸಿ" ಅಂದಳು. ಪ್ರಮಾಣ ಮಾಡಿದ ದಿನ ಕಣ್ಣೊರೆಸಿಕೊಂಡವಳು ಇವಳೇ.

ನಿನ್ನ ಮೇಲೆ ನನಗೆ ಸಿಟ್ಟಿದೆ ಎಂದು ತಿಳಿಯಬೇಡ. ಸಿಟ್ಟು ಬರಲು ಎದುರಿಗೆ ಒಬ್ಬ ಆಳು ಇರಬೇಕು. ನೀನು ಯಾರ ಎದುರು ನಿಂತರೂ ಅವರ ಮುಖವನ್ನೇ ತೋರಿಸುತ್ತೀಯ, ನಿನ್ನದು ಕಾಣುವುದಿಲ್ಲ.

ಆದರೂ ಹೇಳುತ್ತೇನೆ. ವಾರದ ಯಾವ ದಿನವಾದರೂ ಬಾ, ಕೆಲಸ ಕೂಡದ ಭಾನುವಾರದ ಸಬ್ಬತ್ ಒಂದು ಬಿಟ್ಟು. ಕ್ಯಾಮೆರಾ ತರಬೇಡ. ಒಂದು ಕಲ್ಲು ಹೊತ್ತು ಇಡು. ಅಪ್ಪನಿಗೆ ಒಬ್ಬನೇ ಮಗ.

ಡೊಲಿನಾ


ಬೊರವಿಕ್
ಏಪ್ರಿಲ್ 29

ರೊಡ್ಡಿಗೆ,

ಒಂದು ಕಲ್ಲು ಹೊರು ಎಂದಿದ್ದೆ. ಚುನಾವಣೆ ಸಾರಿದ ವಾರವೇ ನಿನಗೆ ಅದು ನೆನಪಾಯಿತು. ಶನಿವಾರ ಮಧ್ಯಾಹ್ನ ಬಂದೆ, ಇಮೊಜೆನ್ ಬಂದಳು, ಕ್ಯಾಮೆರಾದವನೂ ಬಂದ. ಅವಳು ಕೆಟ್ಟವಳಲ್ಲ, ಚಳಿಗೆ ನಡುಗುತ್ತಿದ್ದಳು, ನನ್ನ ಶಾಲು ಕೊಟ್ಟೆ. ನೀನು ಒಂದು ಕಲ್ಲನ್ನು ಎತ್ತಿ ಇಟ್ಟೆ. ಬೆಳಕು ಸರಿಯಿಲ್ಲ ಅಂದರು, ಅದನ್ನೇ ಮತ್ತೆ ಎತ್ತಿ ಇಟ್ಟೆ. ತೋಳು ಮಡಚಿಲ್ಲ ಅಂದರು, ತೋಳು ಮಡಚಿ ಮತ್ತೆ ಎತ್ತಿದೆ. ಅಷ್ಟರಲ್ಲಿ ನಾರ್ಮನ್ ಮೂರು ಮೊಳ ಗೋಡೆ ಮೇಲೆ ತಂದಿದ್ದ. ನೀನು ಹೋದ ಮೇಲೆ ಆ ಕಲ್ಲನ್ನು ಅಲುಗಿಸಿ ನೋಡಿ, ತೆಗೆದು, ತಿರುಗಿಸಿ ಕೂರಿಸಿದ.

ಅಪ್ಪ ಅಮ್ಮನ ಸಮಾಧಿ ಅಲ್ಲೇ ಬೆನ್ನ ಹಿಂದಿತ್ತು. ನೀನು ತಿರುಗಿ ನೋಡಲಿಲ್ಲ.

ಆಮೇಲಿನದು ನಿನಗೆ ಗೊತ್ತಿರಬೇಕು. ಚಿತ್ರಗಳನ್ನು ಲಂಡನ್ನಿನಲ್ಲಿ ಯಾರೋ ಮೊಬೈಲಿಗೆ ಹಾಕಿದ್ದು ಸಬ್ಬತ್ ಬೆಳಿಗ್ಗೆ. 'ನಮ್ಮೂರಿನ ಜನರೊಂದಿಗೆ ಇಂದು ಗೋಡೆ ಕಟ್ಟುತ್ತಿದ್ದೇನೆ.' ಇಂದು! ಬಟ್ಟೆ ಒಣಹಾಕದ ದಿನ, ಬಾವಿಯಿಂದ ನೀರನ್ನೂ ಹಿಂದಿನ ದಿನವೇ ಸೇದಿಟ್ಟುಕೊಳ್ಳುತ್ತಿದ್ದ ದಿನ, ಎಂಪಿ ಸ್ಮಶಾನದಲ್ಲಿ ಕಲ್ಲು ಹೊರುತ್ತಿದ್ದಾನೆ. ದ್ವೀಪದ ತುದಿಯಿಂದ ತುದಿಗೆ ಬೆಂಕಿ ಬಿತ್ತು.

ಆದರೆ ಬೆಂಕಿ ಹೊತ್ತಿದ್ದು ಸೋಮವಾರ. ಯಾಕೆಂದರೆ ಸಬ್ಬತ್ ದಿನ ಮೊಬೈಲ್ ನೋಡುವುದೂ ತಪ್ಪು. ಎಲ್ಲರಿಗೂ ಗೊತ್ತು, ನೋಡಿದವರು ಯಾರೂ ಇಲ್ಲ. ಅಂಗಡಿಯಲ್ಲಿ ಒಬ್ಬ, "ನಾನು ನೋಡ್ಲಿಲ್ಲಪ್ಪ, ಹೆಂಡ್ತಿ ಹೇಳಿದ್ದು" ಅಂದ. ಹೆಂಡತಿ ಪಕ್ಕದಲ್ಲೇ ಇದ್ದಳು. "ಆಹಾ, ನನ್ನ ಮೇಲೆ ಹಾಕಿ! ಫೋನ್ ಯಾರ ಜೇಬಲ್ಲಿತ್ತು?" ಅಂದಳು. ಚರ್ಚಿನ ಹಿರಿಯರು ಸಭೆ ಸೇರಿ ನಿನ್ನನ್ನು ಖಂಡಿಸಬೇಕೆಂದರು. ಸಾಕ್ಷಿ ಯಾರು ಎಂದು ಅಯ್ಯನವರು ಕೇಳಿದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರಂತೆ. ಸಭೆ ಅಲ್ಲಿಗೇ ಮುಗಿಯಿತು. ಸಿಟ್ಟು ಮುಗಿದಿಲ್ಲ.

ಡೊಲಿನಾ


ಲಂಡನ್
ಮೇ 6

ಅಕ್ಕಾ,

ಇದನ್ನು ನನ್ನ ಕೈಯಾರೆ ಬರೆಯುತ್ತಿದ್ದೇನೆ. ನಾನು ಮುಳುಗುತ್ತಿದ್ದೇನೆ. ಏನು ಹೇಳಿದರೂ ಯಾರೂ ನಂಬುತ್ತಿಲ್ಲ. ಅದು ಶನಿವಾರವೆಂದು ನಿನಗೆ ಗೊತ್ತು, ನೀನೇ ಇದ್ದೆ. ನೀನು ಸುಳ್ಳು ಹೇಳುವವಳಲ್ಲವೆಂದು ದ್ವೀಪಕ್ಕೆಲ್ಲ ಗೊತ್ತು. ಚರ್ಚಿನ ಬಾಗಿಲಲ್ಲಿ ನೀನೊಂದು ಮಾತು ಆಡಿದರೆ ಸಾಕು. ಮನೆ ಕೆಡವಿದ್ದಕ್ಕೆ ನಾನೇನೂ ಅನ್ನುವುದಿಲ್ಲ.

ಸುಳ್ಳು ಹೇಳು ಎನ್ನುತ್ತಿಲ್ಲ ಅಕ್ಕಾ. ನಿಜ ಹೇಳು, ಅಷ್ಟೇ.

ರೊಡ್ಡಿ


ಬೊರವಿಕ್
ಜೂನ್ 10

ರೊಡ್ಡಿಗೆ,

ಸೋತೆಯಂತೆ. ರೇಡಿಯೊದಲ್ಲಿ ಈ ಸಲ ಒಂದೇ ಸಲ ಹೇಳಿದರು. ಗೆದ್ದವನು ತೆಂಕಣ ದ್ವೀಪದವನು. ಮಾತಾಡುವಾಗ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ. ಅವನಿಗೂ ಎಲ್ಲೋ ಒಂದು ಅಪ್ಪನ ಮನೆ ಇರಬೇಕು. ಇನ್ನು ಅಲ್ಲಿನ ತುರಿಕೆಗಿಡ ಕೀಳಿಸುತ್ತಾರೆ.

ನಿಜ ಹೇಳು ಎಂದಿದ್ದೆ. ಹೇಳಿದೆ. ಬುಧವಾರದ ಪ್ರಾರ್ಥನೆ ಮುಗಿದು ಎಲ್ಲರೂ ಹೊರಗೆ ನಿಂತಿದ್ದಾಗ ನಾನೇ ಮಾತೆತ್ತಿದೆ. "ನನ್ನ ತಮ್ಮ ಸಬ್ಬತ್ ಮುರಿದಿಲ್ಲ. ಅವನು ಬಂದಿದ್ದು ಶನಿವಾರ ಮಧ್ಯಾಹ್ನ, ನಾನು ನಿಂತು ನೋಡಿದ್ದೀನಿ" ಅಂದೆ.

ಫಿನ್ಲೇ ತಲೆಯಾಡಿಸಿದ. "ನೀನು ಹೇಳಿದ ಮೇಲೆ ಆಯ್ತಮ್ಮ. ಹುಡುಗನ ಮೇಲೆ ಸುಮ್ಮನೆ ಅಪವಾದ ಬಂತು. ಗೋಡೆಗೆ ಕೈ ಹಾಕಿದ್ನಲ್ಲ, ಅದೂ ದೊಡ್ಡದೇ" ಅಂದ. ಅಲ್ಲಿಗೇ ನಿಂತಿದ್ದರೆ ನೀನು ಗೆದ್ದಿರುತ್ತಿದ್ದೆಯೋ ಏನೋ.

ಕೆನೀನಾ ಕೇಳಿದಳು: "ಎಷ್ಟು ಕಲ್ಲು ಹೊತ್ತನೇ?"

"ಒಂದು" ಅಂದೆ.

"ಒಂದಾ? ಮೂರು ಫೋಟೋ ಇದ್ವಲ್ಲೇ!" ಅಂದವಳು, ಅಂದದ್ದು ಏನೆಂದು ಹೊಳೆದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಬ್ಬತ್ ದಿನ ಮೊಬೈಲ್ ನೋಡಿದ ಒಬ್ಬಳಾದರೂ ಸಿಕ್ಕಿದಳು.

"ಒಂದೇ ಕಲ್ಲು, ಮೂರು ಸಲ" ಅಂದೆ.

ನಮ್ಮವರು ಚರ್ಚಿನ ಬಾಗಿಲಲ್ಲಿ ನಗುವುದಿಲ್ಲ. ಅಂದು ನಕ್ಕರು. ಅಯ್ಯನವರು ಬೇಗ ಬೇಗ ಒಳಗೆ ಹೋದರು, ಬೆನ್ನು ಕುಲುಕುತ್ತಿತ್ತು. ಮಾತು ಸಂಜೆಯೊಳಗೆ ದ್ವೀಪದ ತುದಿ ಮುಟ್ಟಿತು. ಸಬ್ಬತ್ ಮುರಿದವನನ್ನು ಬೈದು, ಮರುಗಿ, ಮತ್ತೆ ವೋಟು ಹಾಕುವವರೂ ಇದ್ದರು. ನಕ್ಕ ಮೇಲೆ ಯಾರೂ ಇಲ್ಲ. ಅರ್ಧ ನಿಜ ಹೇಳು ಎಂದು ನೀನು ಬರೆದಿರಲಿಲ್ಲ. ಬರೆದಿದ್ದರೂ ಹೇಳುತ್ತಿರಲಿಲ್ಲ.

ಗೋಡೆ ಅಪ್ಪ ಅಮ್ಮನ ಕಾಲಬುಡವನ್ನು ದಾಟಿ ಎದ್ದಿದೆ. ಮೇ ಕೊನೆಯ ದೊಡ್ಡ ಅಲೆಗಳು ಬಡಿದು ಹಿಂದೆ ಹೋದವು. ನೀನು ಮೂರು ಸಲ ಎತ್ತಿದ ಕಲ್ಲು ಈಗ ಗಟ್ಟಿಯಾಗಿ ಕುಳಿತಿದೆ. ತೆಗೆದು ಎಸೆಯೋಣವೇ ಎಂದು ಒಬ್ಬಿಬ್ಬರು ಕೇಳಿದರು. ಕಲ್ಲಿನದೇನು ತಪ್ಪು ಎಂದೆ.

ಪಡುವಣ ತುದಿಯಲ್ಲಿ ಒಂದು ಬಾಗಿಲಗಲ ತೆರಪು ಉಳಿದಿದೆ. ಮನೆಯ ಕಲ್ಲೆಲ್ಲ ಮುಗಿದವು, ಹೊಸ್ತಿಲಿನದೊಂದು ಬಿಟ್ಟು. ಆ ತೆರಪಿಗೆ ಅದೇ ಸರಿಯಾಗುತ್ತದೆ ಎಂದು ನಾರ್ಮನ್ ಅಳೆದಿದ್ದಾನೆ. ಎತ್ತಲು ನಾಲ್ವರು ಬೇಕು, ಮೂಲೆಗೊಬ್ಬರು. ಒಂದು ಮೂಲೆ ನಾರ್ಮನ್‌ದು, ಒಂದು ಫಿನ್ಲೇಯದು, ಒಂದು ನನ್ನದು. ಊರಿನಲ್ಲಿ ಬೇರೆ ಗಂಡಸರಿಲ್ಲವೆಂದಲ್ಲ, ದಿನಕ್ಕೊಬ್ಬರು ಬಂದು ಕೇಳುತ್ತಾರೆ. ನಾಲ್ಕನೆಯ ಮೂಲೆಯನ್ನು ನಾನು ಯಾರಿಗೂ ಕೊಟ್ಟಿಲ್ಲ.

ಈಗ ನಿನಗೆ ಅಲ್ಲಿ ಮೇಜಿಲ್ಲ, ರಾಶಿ ಪತ್ರವಿಲ್ಲ, ಹಾರ್ನ್ ಹೊಡೆಯುವವರಿಲ್ಲ. ಯಾರ ವೋಟೂ ಬೇಕಿಲ್ಲ. ಕಪ್ಪು ಕೋಟು ಅಲ್ಲೇ ಬಿಟ್ಟು, ಗಟ್ಟಿ ಕೈಗವಸು ತೆಗೆದುಕೊಂಡು ಬುಧವಾರದ ಹಡಗಿಗೆ ಬಾ. ಇಳಿದವನು ನೆಟ್ಟಗೆ ಹಳೆಯ ಮನೆಯ ಹತ್ತಿರ ಬಾ. ಕಲ್ಲು ಇಟ್ಟ ಮೇಲೆ ಊಟ.

ಬೆಕ್ಕಿಗೆ ಬೇರೆ ಮೀನು ತೆಗೆದಿಟ್ಟಿದ್ದೇನೆ.

ನಿನ್ನ ಅಕ್ಕ,
ಡೊಲಿನಾ